ಮೊಟ್ಟೆಯ ಪೆಟ್ಟಿಗೆಯಲ್ಲಿ ಮಲಗುವ ಕೋಳಿಯನ್ನು ಅಡ್ಡಗೋಲಿಗೆ ರೂಢಿಸುವ ಬಗೆ

(ದೃಶ್ಯ: ಬಾಗಲಕೋಟೆ ಜಿಲ್ಲೆಯ ಒಂದು ಹಿತ್ತಲು, ಇಳಿಹೊತ್ತು. ತಗಡು ಹೊದಿಸಿದ ಕೋಳಿಗೂಡು, ಅದರ ಪಕ್ಕದಲ್ಲಿ ಬೇವಿನ ಮರ.)

ನಮಸ್ಕಾರ. ನಮ್ಮ ಹಿತ್ತಲಿನಲ್ಲಿ 11 ಹೇಂಟೆಗಳೂ ಒಂದು ಹುಂಜವೂ ಇವೆ, ಎಲ್ಲವೂ ಜವಾರಿ. ಈ ಗೂಡು ಕಟ್ಟಿದ ಮೊದಲ ತಿಂಗಳು, ಬೆಳಿಗ್ಗೆ ಮೊಟ್ಟೆ ತೆಗೆಯಲು ಕೈಹಾಕಿದರೆ ಪೆಟ್ಟಿಗೆಯಲ್ಲಿ ಹಾಸಿದ್ದ ಶೇಂಗಾ ಹೊಟ್ಟು ಹಿಕ್ಕೆಯಿಂದ ಒದ್ದೆಯಾಗಿ ಮುದ್ದೆಗಟ್ಟಿರುತ್ತಿತ್ತು. ಮೊಟ್ಟೆಗಳ ಮೇಲೂ ಅದೇ ಮೆತ್ತಿಕೊಂಡಿರುತ್ತಿತ್ತು. ನಾಲ್ಕು ಹೇಂಟೆಗಳು ರಾತ್ರಿಯಿಡೀ ಪೆಟ್ಟಿಗೆಯಲ್ಲೇ ಮಲಗುತ್ತಿದ್ದವು. ಗದರಿಸಿ ಎಬ್ಬಿಸಿದರೆ ಆ ಕ್ಷಣಕ್ಕೆ ಇಳಿಯುತ್ತಿದ್ದವು, ನಾನು ಬೆನ್ನು ತಿರುಗಿಸಿದೊಡನೆ ಮತ್ತೆ ಏರುತ್ತಿದ್ದವು. ಇದನ್ನು ಕಂಡ ನಮ್ಮವ್ವ ಒಂದೇ ಮಾತು ಹೇಳಿದಳು: "ಎತ್ತರ ಎಲ್ಲೈತಿ ಅಲ್ಲೇ ಕೋಳಿ ಮಲಗತೈತಿ, ಅದಕ್ಕ ಬೈದರ ಏನ್ ಬಂತು?"

(ದೃಶ್ಯ: ಗೂಡಿನ ಒಳಭಾಗ. ಅಳತೆ ಪಟ್ಟಿ ಹಿಡಿದು ಎತ್ತರ ತೋರಿಸುವುದು.)

ಅಳೆದು ನೋಡಿದಾಗ ತಪ್ಪು ನನ್ನದೆಂಬುದು ತಿಳಿಯಿತು. ಮೊಟ್ಟೆಯ ಪೆಟ್ಟಿಗೆ ನೆಲದಿಂದ ಮೂರಡಿ ಮೇಲಿತ್ತು, ಕೋಳಿಗಳು ರಾತ್ರಿ ಕೂರಲೆಂದು ಕಟ್ಟಿದ ಅಡ್ಡಗೋಲು ಒಂದೂವರೆ ಅಡಿಯಲ್ಲಿತ್ತು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಅದು ಹಗಲೆಲ್ಲ ನೆಲ ಕೆದರಿ ಮೇಯ್ದರೂ ಕತ್ತಲಾಗುವ ಮೊದಲು ಮರವೇರಿ ಕೂರುತ್ತದೆ. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲವಾದ್ದರಿಂದ, ನಾಯಿ ನರಿಗಳಿಗೆ ಎಟುಕದ ಎತ್ತರವೇ ಅದಕ್ಕಿರುವ ಮುಖ್ಯ ರಕ್ಷಣೆ. ಆದ್ದರಿಂದ ಪೆಟ್ಟಿಗೆಗಿಂತ ಅಡ್ಡಗೋಲು ಮೇಲಿರಲೇಬೇಕು. ನಾನು ಪೆಟ್ಟಿಗೆಯನ್ನು ಒಂದಡಿಗೆ ಇಳಿಸಿ, ಅಡ್ಡಗೋಲನ್ನು ಎರಡೂವರೆ ಅಡಿಗೆ ಏರಿಸಿದೆ. ಗಿರಿರಾಜದಂತಹ ಮೈಭಾರದ ಕೋಳಿಗಳಿದ್ದರೆ ಒಂದೂವರೆ ಅಡಿ ಸಾಕು, ಪೆಟ್ಟಿಗೆಯನ್ನು ನೆಲಕ್ಕೇ ಇಡಬಹುದು. ಭಾರದ ಕೋಳಿ ದಿನವೂ ಎತ್ತರದಿಂದ ಧುಮುಕಿದರೆ ಅಂಗಾಲಿಗೆ ಪೆಟ್ಟಾಗಿ ಬಾವು ಬರುತ್ತದೆ.

(ದೃಶ್ಯ: ಅಡ್ಡಗೋಲಿನ ಮೇಲೆ ಕುಳಿತ ಕೋಳಿಯ ಕಾಲು, ಹತ್ತಿರದಿಂದ.)

ಈ ಕಾಲನ್ನು ಗಮನವಿಟ್ಟು ನೋಡಿ. ಕೋಳಿ ಮೊಣಕಾಲು ಮಡಚಿ ಕುಳಿತೊಡನೆ ಕಾಲಿನ ಹಿಂಬದಿಯ ಸ್ನಾಯುರಜ್ಜು ಬಿಗಿದು ಬೆರಳುಗಳು ತಾವಾಗಿಯೇ ಕೋಲನ್ನು ಹಿಡಿಯುತ್ತವೆ, ಹಾಗಾಗಿ ನಿದ್ದೆಯಲ್ಲೂ ಅದು ಬೀಳುವುದಿಲ್ಲ. ಕೋಲು ಸುಮಾರು ಎರಡು ಇಂಚು ಅಗಲವಿದ್ದು, ಅಂಚುಗಳನ್ನು ಉಜ್ಜಿ ನುಣುಪು ಮಾಡಿರಬೇಕು. ಪ್ಲಾಸ್ಟಿಕ್ ಪೈಪು ಜಾರುತ್ತದೆ. ಕಬ್ಬಿಣದ ಪೈಪು ಚಳಿಗಾಲದಲ್ಲಿ ಕೊರೆಯುತ್ತದೆ. ಕಟ್ಟಿಗೆಯೇ ಉತ್ತಮ. ಒಂದು ಕೋಳಿಗೆ ಎಂಟರಿಂದ ಹತ್ತು ಇಂಚು ಜಾಗ ಬೇಕು, ಗೋಡೆಯಿಂದ ಒಂದಡಿ ಅಂತರವಿರಬೇಕು.

(ದೃಶ್ಯ: ರಾತ್ರಿ, ಮಂದ ಟಾರ್ಚ್ ಬೆಳಕು.)

ಎತ್ತರ ಸರಿಪಡಿಸಿದ ಮಾತ್ರಕ್ಕೆ ರೂಢಿ ಬದಲಾಗುವುದಿಲ್ಲ. ಹೆಚ್ಚಿನ ಕೋಳಿಗಳು ಬೆಳಗಿನ ಹೊತ್ತಿನಲ್ಲೇ ಮೊಟ್ಟೆಯಿಡುವುದರಿಂದ, ಸಂಜೆ ಐದರ ಹೊತ್ತಿಗೆ ಪೆಟ್ಟಿಗೆಯ ಬಾಯಿಗೆ ಹಲಗೆ ಅಡ್ಡವಿಟ್ಟು, ಬೆಳಗಾಗುವ ಮುನ್ನ ತೆಗೆಯುತ್ತಿದ್ದೆ. ಆಗ ಆ ನಾಲ್ಕೂ ನೆಲದ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗಿದವು. ಪೂರ್ತಿ ಕತ್ತಲಾದ ಮೇಲೆ ಕೋಳಿ ಗಾಬರಿಪಡದೆ ಕೈಗೆ ಬರುತ್ತದೆ. ಎರಡೂ ರೆಕ್ಕೆಗಳನ್ನು ಸೇರಿಸಿ ಹಿಡಿದು, ಅದರ ಎದೆಯ ಕೆಳಭಾಗವನ್ನು ಕೋಲಿಗೆ ಮೆಲ್ಲನೆ ತಾಗಿಸಿದರೆ ತಾನೇ ಕಾಲೆತ್ತಿ ಹತ್ತುತ್ತದೆ. ಬೆರಳುಗಳು ಬಿಗಿಯುವವರೆಗೆ ಕೈ ಬಿಡಬೇಡಿ. ಹೀಗೆ ಎಂಟು ರಾತ್ರಿ ಮಾಡುವಷ್ಟರಲ್ಲಿ ಮೂರು ಹೇಂಟೆಗಳು ತಾವಾಗಿಯೇ ಹತ್ತತೊಡಗಿದವು.

ನಾಲ್ಕನೆಯದು, ಕುತ್ತಿಗೆಯ ಮೇಲೆ ಕಂದು ಚುಕ್ಕೆಗಳಿರುವ ಸಣ್ಣ ಹೇಂಟೆ, ಹತ್ತಿದರೂ ಇಳಿದುಬಿಡುತ್ತಿತ್ತು. ಸಂಜೆ ಮೂಲೆಯಲ್ಲಿ ಕುಳಿತು ನೋಡಿದಾಗ, ಅದು ಏರಿದೊಡನೆ ಪಕ್ಕದ ಕೋಳಿ ನೆತ್ತಿಗೆ ಕುಕ್ಕುವುದು ಕಂಡಿತು. ಹಿಂಡಿನಲ್ಲಿ ಮೇಲು ಕೀಳಿನ ಸಾಲು ಇದ್ದೇ ಇರುತ್ತದೆ, ಬಲವುಳ್ಳದ್ದು ಒಳ್ಳೆಯ ಜಾಗ ಹಿಡಿಯುತ್ತದೆ. ಒಂದಡಿ ಅಂತರದಲ್ಲಿ, ಅದೇ ಎತ್ತರಕ್ಕೆ, ಇನ್ನೊಂದು ಕೋಲು ಕಟ್ಟಿದೆ. ಎರಡನೆಯ ದಿನ ಅದು ಹೊಸ ಕೋಲಿನ ತುದಿಯಲ್ಲಿ ಕುಳಿತಿತ್ತು. ಕುಕ್ಕಿಸಿಕೊಳ್ಳುವ ಕೋಳಿಯನ್ನು ಹಟಮಾರಿಯೆಂದು ತಿಳಿದು ಮತ್ತೆ ಮತ್ತೆ ಅದೇ ಜಾಗದಲ್ಲಿ ಕೂರಿಸುವುದು ಅನ್ಯಾಯವೆಂದು ನಾನು ನಂಬುತ್ತೇನೆ.

ಕಾವಿಗೆ ಕುಳಿತ ಕೋಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಅದರ ಪಾಡಿಗೆ ಬಿಡಿ.

(ದೃಶ್ಯ: ತಗಡಿನ ಮೇಲೆ ಹೊದಿಸಿದ ಕಬ್ಬಿನ ರವದಿ, ಅಂದರೆ ಕಬ್ಬಿನ ಒಣ ಎಲೆ.)

ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾದ ತಗಡು ರಾತ್ರಿಯಾದರೂ ಕೆಳಕ್ಕೆ ಝಳ ಬಿಡುತ್ತಿರುತ್ತದೆ. ಕೋಳಿಗೆ ಬೆವರು ಗ್ರಂಥಿಗಳಿಲ್ಲ, ಬಾಯಿ ತೆರೆದು ತೇಕುವುದೇ ಅದಕ್ಕಿರುವ ಮುಖ್ಯ ಉಪಾಯ. ಮೇಲಿನ ಕೋಲು ಬಿಟ್ಟು ನೆಲಕ್ಕಿಳಿದು, ರೆಕ್ಕೆ ಅಗಲಿಸಿ ಮಲಗಿದರೆ ಸೆಕೆಯೇ ಕಾರಣವೆಂದು ತಿಳಿಯಿರಿ. ತಗಡಿಗೆ ಸುಣ್ಣ ಬಳಿದು ರವದಿ ಹೊದಿಸಿ, ಕೋಳಿಗಳ ತಲೆಗಿಂತ ಮೇಲೆ ಜಾಳಿಗೆಯ ಕಿಂಡಿ ಬಿಡಿ. ಹಿಕ್ಕೆಯ ಘಾಟೂ ಅದೇ ದಾರಿಯಲ್ಲಿ ಹೊರಹೋಗುತ್ತದೆ.

ರೂಢಿಯಾದ ಕೋಳಿಗಳು ಒಮ್ಮೆಲೇ ಗೂಡಿಗೆ ಬರಲೊಲ್ಲದೆ ಬೇವಿನ ಮರ ಹತ್ತತೊಡಗಿದರೆ ಕೆಂಪು ನುಸಿಯನ್ನು ಸಂಶಯಿಸಬೇಕು. ಅದು ಹಗಲು ಕೋಲಿನ ಬಿರುಕುಗಳಲ್ಲಿ ಅಡಗಿದ್ದು, ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಕತ್ತಲಾದ ಎರಡು ತಾಸಿನ ನಂತರ ಬಿಳಿ ಕಾಗದದಿಂದ ಕೋಲಿನ ತಳಭಾಗವನ್ನು ಒರೆಸಿ ನೋಡಿ. ಕಾಗದದ ಮೇಲೆ ಕೆಂಪು ಗೀರು ಮೂಡಿದರೆ ಮರುದಿನವೇ ಕೋಲು ಬಿಚ್ಚಿ, ಬಿರುಕುಗಳಿಗೆ ಕುದಿಯುವ ನೀರು ಸುರಿದು, ಬಿಸಿಲಿಗೆ ಒಣಗಿಸಿ, ಪಶುವೈದ್ಯರನ್ನು ಕೇಳಿ ಔಷಧ ತನ್ನಿರಿ.

(ದೃಶ್ಯ: ಕೋಲುಗಳ ಮೇಲೆ ಸಾಲಾಗಿ ಕುಳಿತ ಕೋಳಿಗಳು. ಬಾಗಿಲು ಮುಚ್ಚುವ ಕೈ.)

ಬಾಗಿಲಿಗೆ ಚಿಲಕ ಹಾಕುವ ಮೊದಲು ಪ್ರತಿ ರಾತ್ರಿ ಎಣಿಸುತ್ತೇನೆ. ಈ ಹೊತ್ತು 12 ಇವೆ. ಚುಕ್ಕೆಯ ಹೇಂಟೆ ಹುಂಜದ ಪಕ್ಕಕ್ಕೆ ಬಂದು ಕುಳಿತಿದೆ.