ಸಾಲಿನ ಉದ್ದ ಫೈಲ್ ಹೇಳಲಿ, ನೀವಲ್ಲ

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬ ಹುಡುಗ ಬರೆದಿದ್ದಾನೆ: 'ಸರ್, ಸಿ ಭಾಷೆಯಲ್ಲಿ ಫೈಲ್ ಓದೋಕೆ ಇಷ್ಟೆಲ್ಲಾ ಯಾಕೆ? ಸುಮ್ನೆ 100ರ ಅರೇ ಇಟ್ಟರೆ ಮುಗೀತಲ್ವಾ?' ಮುಗಿಯಲ್ಲ ತಮ್ಮಾ. ಅರೇ ಅಂದರೆ ಮೊದಲೇ ಅಳತೆ ಗೊತ್ತುಮಾಡಿ ಇಟ್ಟ ಜಾಗ. ಸಾಲು ಎಷ್ಟು ಉದ್ದ ಅಂತ ಫೈಲ್ ಹೇಳಬೇಕು, ನೀನಲ್ಲ.

ನಮ್ಮೂರ ಹೆಸರನ್ನೇ ನೋಡ್ರಿ. 'ಕಲಬುರಗಿ' ಅಂತ ಯುಟಿಎಫ್-8ರಲ್ಲಿ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯಲ್ಲಿ, ಸೇವ್ ಮಾಡಿ. ಕಣ್ಣಿಗೆ ಐದೇ ಅಕ್ಷರ. ಒಳಗೆ ಕ, ಲ, ಬ, ಕೊಂಬು, ರ, ಗ, ಗುಡಿಸು: ಏಳು. ಒಂದೊಂದಕ್ಕೆ 3 ಬೈಟ್, ಒಟ್ಟು 21. ಈಗ ಓದಿದ್ದನ್ನು ಇಡಲು 20 ಬೈಟ್‌ನ ಜಾಗ (ಬಫರ್) ಇಟ್ಟು, ಸಾಲು ಓದುವ ಫಂಕ್ಷನ್ ಎಫ್‌ಗೆಟ್ಸ್ ಕರೆಯಿರಿ. ಅದು 19 ಬೈಟ್ ಓದಿ ಕೊನೆಗೆ ಮುಗಿಯಿತು ಅಂತ ಗುರುತಿಗೆ ಒಂದು ಸೊನ್ನೆ ಇಡುತ್ತದೆ. 18ಕ್ಕೆ 'ಕಲಬುರಗ' ಆಯಿತು. 19ನೆಯದು ಗುಡಿಸಿನ ಒಂದು ಚೂರು! ಉಳಿದ ಎರಡು ಚೂರು ಮುಂದಿನ ಸಾಲಿನ ವೇಷದಲ್ಲಿ ಬರುತ್ತವೆ. ಒಂದೇ ಊರು, ಎರಡು ಸಾಲು, ಎರಡೂ ಹಾಳು.

'ಹಾಗಾದ್ರೆ 1000 ಇಡ್ತೀನಿ' ಅನ್ನುತ್ತೀರಿ. ಅದೂ ಊಹೆಯೇ ಅಲ್ವಾ? ಸಾಲು ಓದುವ ಹಳೆಯ ಫಂಕ್ಷನ್ ಗೆಟ್ಸ್ ಅಂತೂ ಜಾಗ ಎಷ್ಟಿದೆ ಅಂತ ಕೇಳುತ್ತಲೇ ಇರಲಿಲ್ಲ. 2011ರ ಸಿ ಸ್ಟ್ಯಾಂಡರ್ಡ್ ಅದನ್ನು ಕಿತ್ತೇ ಹಾಕಿತು.

ಮನೆಗೆ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲದಾಗ ನಮ್ಮವ್ವ ನಾಲ್ಕು ರೊಟ್ಟಿಗಾಗುವಷ್ಟು ಹಿಟ್ಟು ನಾದುತ್ತಾಳೆ. ಜನ ಬಂದರೆ ಮತ್ತೆ ನಾದುತ್ತಾಳೆ. ನೀವೂ ಅದನ್ನೇ ಮಾಡಿ. ಮೊದಲು ಮೆಮೊರಿಯಲ್ಲಿ ಜಾಗ ಕೊಡುವ ಮಾಲಾಕ್‌ನಿಂದ 64 ಬೈಟ್ ತಗೊಳ್ಳಿ. ಸಾಲು ಮುಗಿಯುವ ಮೊದಲೇ ತುಂಬಿತಾ? ಜಾಗದ ಅಳತೆ ಬದಲಿಸುವ ರೀಅಲಾಕ್ ಕರೆದು ಎರಡರಷ್ಟು ಮಾಡಿ. ಆದರೆ ರೀಅಲಾಕ್ ಕೊಟ್ಟಿದ್ದನ್ನು ನೇರ ಹಳೇ ಪಾಯಿಂಟರಿಗೆ, ಅಂದರೆ ಆ ಜಾಗದ ವಿಳಾಸ ಹಿಡಿದಿಟ್ಟ ವೇರಿಯಬಲ್‌ಗೆ, ಹಾಕಬೇಡಿ. ಅದು ಜಾಗ ಸಿಗದೆ ನಲ್ (ಖಾಲಿ ವಿಳಾಸ) ಕೊಟ್ಟರೆ ಓದಿದ್ದೆಲ್ಲ ಕೈತಪ್ಪಿ ಹೋಯಿತು, ಆ ಜಾಗ ವಾಪಸ್ ಕೊಡಲೂ (ಫ್ರೀ ಮಾಡಲೂ) ದಾರಿಯಿಲ್ಲ. ಬೇರೆ ಪಾಯಿಂಟರಿನಲ್ಲಿ ಹಿಡಿದು, ನೋಡಿ, ಆಮೇಲೆ ಹಾಕಿ.

ಲಿನಕ್ಸ್‌ನಲ್ಲಿ ಇದ್ದೀರಾ? ಸಾಲು ಓದೋಕೆ ಗೆಟ್‌ಲೈನ್ ಅನ್ನೋ ಫಂಕ್ಷನ್ ಇದೆ. ಪಾಯಿಂಟರಿಗೆ ನಲ್, ಅಳತೆಗೆ ಸೊನ್ನೆ ಇಟ್ಟು ಕೊಟ್ಟರೆ ಬೇಕಾದಷ್ಟು ಜಾಗ ತಾನೇ ತಗೊಳ್ಳುತ್ತದೆ. ಸಾಲುಗಳನ್ನು ಕೂಡಿಡಬೇಕಾದರೆ ಪ್ರತಿಯೊಂದನ್ನೂ ಸ್ಟ್ರ್‌ಡಪ್ ಮಾಡಿ, ಅಂದರೆ ಬೇರೆ ಜಾಗದಲ್ಲಿ ಅದರ ನಕಲು ತೆಗೆದಿಡಿ. ಇಲ್ಲದಿದ್ದರೆ ಅದೇ ಜಾಗದ ಮೇಲೆ ಮುಂದಿನ ಸಾಲು ಬಂದು ಕೂರುತ್ತದೆ.

'ಕಾಲೇಜ್ ಲ್ಯಾಬ್‌ನಲ್ಲಿ 100 ಸಾಕು' ಅಂತೀರಾ? ಸಾಕಾಗಲ್ಲ. ಎಲ್ಲೂ ಸಾಕಾಗಲ್ಲ! ಉದ್ದ ಫೈಲ್ ಹೇಳಲಿ, ಫೈಲ್!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಭಾನುವಾರ ಲೈವ್‌ನಲ್ಲಿ ಇದೇ ಕೋಡ್ ಕೂತು ಬರೆಯೋಣ. 100 ಅಂದ ತಮ್ಮಾ, ನೀನು ಬರಲೇಬೇಕು. ನಿಮ್ಮೂರ ಹೆಸರಿನ ಫೈಲ್ ತಗೊಂಡು ಬಾ. ಯಾದಗಿರಿ ಆದರೆ ಅದಕ್ಕೂ 21 ಬೈಟೇ.