ಪ್ರೋಗ್ರಾಮು ಊರು ಬದಲಿಸಿದಾಗ ರ‍್ಯಾಂಡಮ್ ಸಂಖ್ಯೆ ಎಲ್ಲಿಂದ ತರಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮ ಕೋಲಾರದಲ್ಲೇ, ಇಷ್ಟು ಜನ ವಿದ್ಯಾರ್ಥಿಗಳ ಮುಂದೆ ಈ ವಿಷಯ ಮಾತಾಡಲು ಸಿಕ್ಕಿದ್ದು ನನಗೆ ಖುಷಿ. ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಒಂದು ಪ್ರೋಗ್ರಾಮನ್ನು ಲಿನಕ್ಸ್‌ಗೆ ತರುತ್ತಿದ್ದೆ. ಲಾಗಿನ್ ಆದವರಿಗೆ ಟೋಕನ್, ಅಂದರೆ ಬೇರೆಯವರು ಊಹಿಸಲಾಗದ ಗುರುತಿನ ಸಂಖ್ಯೆ, ಕೊಡುವ ಪ್ರೋಗ್ರಾಮು ಅದು. ಕಂಪೈಲ್ ಮಾಡಿದರೆ, ಆರ್ಕ್4ರ‍್ಯಾಂಡಮ್ ಎಂಬ, ರ‍್ಯಾಂಡಮ್ ಸಂಖ್ಯೆ ಕೊಡುವ ಫಂಕ್ಷನ್ ಇಲ್ಲ ಎಂಬ ಎರರ್. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಗೆ ಅದು ಬಂದಿದ್ದೇ 2022ರಲ್ಲಿ. ರಾತ್ರಿ ತುಂಬಾ ಹೊತ್ತಾಗಿತ್ತು. ಒಂದು ಸಾಲಿನ ಮ್ಯಾಕ್ರೋ ಬರೆದು ಆ ಜಾಗಕ್ಕೆ ಸುಮ್ನೆ ಸಿ ಭಾಷೆಯ ರ‍್ಯಾಂಡ್ ಫಂಕ್ಷನ್ ಹಾಕಿದೆ. ಎರರ್ ಹೋಯಿತು. ಟೆಸ್ಟ್‌ಗಳೆಲ್ಲ ಪಾಸಾದವು.

ಒಂದು ವಾರದ ಮೇಲೆ ಸರ್ವರ್ ರೀಸ್ಟಾರ್ಟ್ ಆಯಿತು. ಹಿಂದೆ ಒಬ್ಬರಿಗೆ ಕೊಟ್ಟಿದ್ದ ಟೋಕನ್ನೇ ಇನ್ನೊಬ್ಬರಿಗೆ ಹೋಯಿತು. ಸೀಡ್, ಅಂದರೆ ಲೆಕ್ಕ ಶುರು ಮಾಡುವ ಸಂಖ್ಯೆ, ಕೊಡದಿದ್ದರೆ ರ‍್ಯಾಂಡ್ ಪ್ರತಿ ಸಲವೂ 1ನ್ನೇ ಸೀಡ್ ಮಾಡಿಕೊಂಡು ಅವೇ ಸಂಖ್ಯೆಗಳನ್ನು ಅದೇ ಕ್ರಮದಲ್ಲಿ ಕೊಡುತ್ತದೆ. ಸಮಯವನ್ನು ಸೀಡ್ ಮಾಡಿದ್ದರೆ? ಆಗಲೂ ಕೆಲಸ ಕೆಟ್ಟಿರುತ್ತಿತ್ತು. ಸರ್ವರ್ ಯಾವಾಗ ಶುರುವಾಯಿತು ಎಂದು ಊಹಿಸುವುದು ಕಷ್ಟವೇನಲ್ಲ. ವಿಂಡೋಸ್‌ನ ಸಿ ಲೈಬ್ರರಿಯಲ್ಲಂತೂ ರ‍್ಯಾಂಡ್ 32,767 ದಾಟುವುದೇ ಇಲ್ಲ.

ಈ ಬಗೆಯ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನನಗೆ ಭಯ ಇರುವುದು ಅಲ್ಲೇ. ಕೆಟ್ಟ ಸಂಖ್ಯೆಯೂ ನೋಡಲು ಒಳ್ಳೆಯ ಸಂಖ್ಯೆಯ ಹಾಗೇ ಇರುತ್ತದೆ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್‌ನ, ಗುಪ್ತ ಕೀ ಮಾಡಿಕೊಡುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ಒಂದು ಟೂಲ್ ಕೊಡುತ್ತಿದ್ದ ಎಚ್ಚರಿಕೆ ನಿಲ್ಲಿಸಲು ಎರಡು ಸಾಲು ತೆಗೆದರು. ಕೊನೆಗೆ ರ‍್ಯಾಂಡಮ್ ಎಂದು ಉಳಿದಿದ್ದು ಪ್ರೋಸೆಸ್ ನಂಬರ್ ಮಾತ್ರ. ಒಂದು ಬಗೆಯ ಮಷಿನ್‌ನಲ್ಲಿ ಒಂದು ಅಳತೆಯ ಕೀಗೆ ಇದ್ದ ಸಾಧ್ಯತೆ ಸುಮಾರು 32 ಸಾವಿರ, ಅಷ್ಟೇ. ಆ ತಪ್ಪು ಹೊರಗೆ ಬಂದಿದ್ದು 2008ರ ಮೇ ತಿಂಗಳಲ್ಲಿ. ನಡುವಿನ ಅಷ್ಟೂ ಕಾಲ ಎಲ್ಲವೂ ಸರಿಯಾಗಿ ಓಡುತ್ತಿರುವಂತೆಯೇ ಕಾಣುತ್ತಿತ್ತು.

ಹಾಗಾದರೆ ಎಲ್ಲಿಂದ ತರಬೇಕು? ಕೆರೆ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಮಳೆ ನೀರು ಹತ್ತು ಕಾಲುವೆಯಿಂದ ಬಂದು ಕೆರೆ ಸೇರುತ್ತದೆ. ತೂಬು ತೆಗೆಯುವವನು ನೀರಗಂಟಿ. ನಮ್ಮ ಹೊಲಕ್ಕೆ ನೀರು ಬೇಕು ಅಂತ ನಾವೇ ಹೋಗಿ ಕಟ್ಟೆ ಒಡೆಯುವುದಿಲ್ಲ, ಅಲ್ವಾ? ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅಂಥ ಕೆರೆ. ಡಿಸ್ಕ್, ನೆಟ್‌ವರ್ಕ್, ಕೀಬೋರ್ಡ್‌ನಿಂದ ಇಂಟರಪ್ಟ್, ಅಂದರೆ ಇತ್ತ ನೋಡು ಎಂಬ ಸೂಚನೆ, ಬರುವ ಹೊತ್ತಿನ ಏರುಪೇರು, ಪ್ರೋಸೆಸರ್ ಒಳಗಿನ ಜನರೇಟರ್, ಎಲ್ಲವೂ ಅಲ್ಲಿ ಸೇರುತ್ತವೆ. ಪ್ರೋಗ್ರಾಮು ಕೇಳಿ ಪಡೆಯಬೇಕು, ತನ್ನದೇ ಬೋರ್‌ವೆಲ್ ಕೊರೆಯಬಾರದು. ಒಂದು ವ್ಯತ್ಯಾಸ ಮಾತ್ರ ಇದೆ. ಒಮ್ಮೆ ಸರಿಯಾಗಿ ತುಂಬಿದ ಮೇಲೆ ಈ ಕೆರೆ ಬತ್ತುವುದಿಲ್ಲ.

ಆದರೆ ತುಂಬುವ ಮೊದಲು? ಲಿನಕ್ಸ್‌ನಲ್ಲಿ ಈ ಸಂಖ್ಯೆ ಓದಲು ಇರುವ ಡೆವ್ ಯುರ‍್ಯಾಂಡಮ್ ಎಂಬ ಫೈಲ್ ಹಿಂದಿನಿಂದಲೂ ಖಾಲಿ ಕೆರೆಯ ತೂಬನ್ನೂ ತೆಗೆದುಬಿಡುತ್ತಿತ್ತು. 2012ರಲ್ಲಿ ಸಂಶೋಧಕರು ಇಂಟರ್‌ನೆಟ್ ಪೂರ್ತಿ ಜಾಲಾಡಿದಾಗ, ಎಷ್ಟೋ ರೂಟರ್‌ಗಳು ಒಂದೇ ಕೀ ಇಟ್ಟುಕೊಂಡಿದ್ದವು. ಆನ್ ಆದ ಕೂಡಲೇ, ಏನೂ ಸೇರುವ ಮೊದಲೇ ಅವು ಕೀ ಮಾಡಿಕೊಂಡಿದ್ದವು. 2014ರಲ್ಲಿ ಬಂದ ಗೆಟ್‌ರ‍್ಯಾಂಡಮ್ ಸಿಸ್ಟಮ್ ಕಾಲ್, ಅಂದರೆ ಕರ್ನಲ್‌ನನ್ನೇ ನೇರವಾಗಿ ಕೇಳುವ ದಾರಿ, ಕೆರೆ ತುಂಬುವ ತನಕ ಕಾಯುತ್ತದೆ. ಅದಕ್ಕೆ ಫೈಲ್ ತೆರೆಯುವ ಕೆಲಸವೂ ಇಲ್ಲ. ಹಾಗಾಗಿ ಪ್ರೋಗ್ರಾಮನ್ನು ಒಂದೇ ಫೋಲ್ಡರಿಗೆ ಕಟ್ಟಿಹಾಕುವ ಕ್ರೂಟ್ ಒಳಗೆ ಡೆವ್ ಫೋಲ್ಡರ್ ಇಲ್ಲದಿದ್ದರೂ, ಫೈಲ್ ತೆರೆಯುವ ಮಿತಿ ಮುಗಿದಿದ್ದರೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಬಿಕ್ರಿಪ್ಟ್‌ಜೆನ್‌ರ‍್ಯಾಂಡಮ್ ಬಳಸಿ. ಮ್ಯಾಕ್‌ನಲ್ಲಿ ಆರ್ಕ್4ರ‍್ಯಾಂಡಮ್ ಮೊದಲೇ ಇದೆ.

ಪೋರ್ಟ್ ಮಾಡುವಾಗ, ಅಂದರೆ ಪ್ರೋಗ್ರಾಮನ್ನು ಬೇರೆ ಸಿಸ್ಟಮ್‌ಗೆ ತರುವಾಗ, ಹೆಸರು ಹೊಂದಿದರೆ ಸಾಲದು, ಕೊಟ್ಟ ಮಾತೂ ಹೊಂದಬೇಕು. ಓಪನ್‌ಬಿಎಸ್‌ಡಿಯ ಆ ಫಂಕ್ಷನ್ ಸೀಡ್ ಕೇಳುವುದಿಲ್ಲ, ಸೋತೆ ಅಂತ ಹೇಳುವುದೂ ಇಲ್ಲ. ಫೋರ್ಕ್ ಆದಾಗ, ಅಂದರೆ ಓಡುತ್ತಿರುವ ಪ್ರೋಗ್ರಾಮು ತನ್ನದೇ ಇನ್ನೊಂದು ಪ್ರತಿ ಹುಟ್ಟಿಸಿದಾಗ, ಮಗುವಿಗೂ ತಾಯಿಗೂ ಒಂದೇ ಸಂಖ್ಯೆ ಬರದಂತೆ ನೋಡಿಕೊಳ್ಳುತ್ತದೆ. ನೀವು ಅದರ ಬದಲಿಗೆ ಬರೆದ ಕೋಡು ಕರ್ನಲ್‌ನಿಂದ ಸಂಖ್ಯೆ ಸಿಗಲಿಲ್ಲ ಅಂತ ಗಡಿಯಾರ ನೋಡಿ ಏನೋ ಒಂದು ಕೊಟ್ಟರೆ, ಆ ಮಾತು ತಪ್ಪಿದ ಹಾಗೆ. ಅಂಥ ಹೊತ್ತಿನಲ್ಲಿ ಪ್ರೋಗ್ರಾಮು ಅಲ್ಲೇ ನಿಲ್ಲಲಿ. ನಿಂತರೆ ಯಾರಾದರೂ ಬಂದು ನೋಡುತ್ತಾರೆ.

ನನ್ನ ಮ್ಯಾಕ್ರೋ ತೆಗೆಯಲು ಒಂದು ನಿಮಿಷ ಸಾಕಾಯಿತು. ಆದರೆ ಅದರಿಂದ ಹುಟ್ಟಿದ ಟೋಕನ್‌ಗಳು ಆಗಲೇ ಹೊರಗೆ ಹೋಗಿದ್ದವು. ಡೆಬಿಯನ್ ಬಳಸುತ್ತಿದ್ದವರೂ ಹಾಗೇ, ಆ ಎರಡು ವರ್ಷದಲ್ಲಿ ಮಾಡಿದ ಕೀಗಳನ್ನೆಲ್ಲ ಎಸೆದು ಹೊಸದು ಮಾಡಬೇಕಾಯಿತು. ನಾವೂ ಕೊಟ್ಟಿದ್ದೆಲ್ಲವನ್ನೂ ರದ್ದು ಮಾಡಿ, ಕಾರಣ ತಿಳಿಸಿ, ಮತ್ತೆ ಲಾಗಿನ್ ಆಗಿ ಎಂದು ಪ್ರತಿಯೊಬ್ಬರಿಗೂ ಪತ್ರ ಬರೆದೆವು.