ಫಾರ್ಮ್ಯಾಟ್ ಹೊಡಿಯೋದು ರಿಪೇರಿ ಅಲ್ಲ ಮಾರಾಯ್ರೇ

ನಮಸ್ಕಾರ. ಹಿಂದ್ಗಡೆ ಕೂತೋರಿಗೆ ಕೇಳ್ತಿದ್ಯಾ? ಹೊರಗೆ ಮಳೆ ಜೋರಾದ್ರೆ ಕೈ ಎತ್ತಿ, ನಾನೂ ಜೋರು ಮಾಡ್ತೀನಿ. ನಾನು ಭಾಷಣ ಮಾಡೋನಲ್ಲ, ಶಿವಮೊಗ್ಗದ ದುರ್ಗಿಗುಡೀಲಿ ಇಪ್ಪತ್ತು ಚಿಲ್ಲರೆ ವರ್ಷ ಕಂಪ್ಯೂಟರ್ ರಿಪೇರಿಗೆ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತೋನು. ಒಂದೇ ಒಂದು ಸಿಟ್ಟಿದೆ, ಅದನ್ನ ಹೇಳ್ಕೊಳ್ಳೋಕೆ ಬಂದೆ. ಕಂಪ್ಯೂಟರಿಗೆ ಏನೇ ಆದ್ರೂ "ಫಾರ್ಮ್ಯಾಟ್ ಹೊಡಿ", ಅಂದ್ರೆ ಒಳಗಿರೋದೆಲ್ಲ ಅಳಿಸಿ ಹೊಸದಾಗಿ ಹಾಕು ಅಂತಾರಲ್ಲ, ಆ ಮಾತಿನ ಮೇಲೆ.

ತೀರ್ಥಹಳ್ಳಿ ಕಡೆ ಒಂದು ತೋಟದ ಮನೆ. ಯಜಮಾನ್ರು ಅಡಿಕೆ ಲೆಕ್ಕ ಎಲ್ಲ ಲ್ಯಾಪ್‌ಟಾಪಲ್ಲೇ ಇಟ್ಕೊಂಡೋರು. ಅವರ ಕಂಪ್ಲೇಂಟ್ ಏನು ಗೊತ್ತಾ? "ಮಗ ಬೆಂಗ್ಳೂರಿಂದ ಬಂದ್ರೆ ಮೌಸ್ ಸಾಯತ್ತೆ, ಅವ್ನು ಬಸ್ ಹತ್ತಿದ್ರೆ ಮತ್ತೆ ಓಡತ್ತೆ." ಅಮ್ಮ ಅವ್ರು ದೃಷ್ಟಿ ತೆಗ್ದಿದ್ರು, ಮಗನಿಗೋ ಮೌಸಿಗೋ ನಂಗೆ ಹೇಳ್ಲಿಲ್ಲ. ಪೇಟೆ ಅಂಗಡಿ ಒಂದ್ರಲ್ಲಿ ಎರಡು ಸಲ ಫಾರ್ಮ್ಯಾಟ್ ಹೊಡ್ಸಿದಾರೆ, ಎರಡನೇ ಸಲಕ್ಕೆ ಮೂರು ವರ್ಷದ ಲೆಕ್ಕ ಹೋಯ್ತು. ಮೌಸ್ ಮಾತ್ರ ಹಾಗೇ ಇತ್ತು!

ನಾನು ಹೋದ ದಿನ ಮಗ ಮನೇಲೇ ಇದ್ದ, ಆದ್ರೆ ಮೌಸ್ ಚೆನ್ನಾಗೇ ಓಡ್ತು, ಒಂದು ಗಂಟೆ ನೋಡ್ದೆ, ಏನೂ ಇಲ್ಲ, ಕಡುಬು ತಿಂದು ಕಾಫಿ ಕುಡ್ದು ಹೊರಡೋಣ ಅಂತ ಚಪ್ಪಲಿ ಹಾಕ್ತಿದ್ದೆ, ಅಷ್ಟ್ರಲ್ಲಿ ಅವ್ನು "ಅಂಕಲ್, ತಂಗಿ ಮದ್ವೆ ಫೋಟೋ ನೋಡಿ ಹೋಗಿ" ಅಂತ ಬ್ಯಾಗಿಂದ ಹಾರ್ಡ್ ಡಿಸ್ಕ್ ತೆಗ್ದು ಚುಚ್ಚಿದ. ಮೌಸ್ ನಿಂತೇ ಹೋಯ್ತು. ಕಿತ್ತೆ, ಓಡ್ತು. ಮತ್ತೆ ಚುಚ್ಚಿದೆ, ನಿಂತ್ತು. ಆ ಡಿಸ್ಕ್ ಚುಚ್ಚೋ ಜಾತಿ ಯುಎಸ್‌ಬಿ 3.0, ಅದು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡೋವಾಗ ರೇಡಿಯೋ ಗದ್ದಲ ಎಬ್ಬಿಸತ್ತೆ, ಅದು 2.4 ಗಿಗಾಹರ್ಟ್ಸ್ ಸುತ್ತಮುತ್ತನೂ ಬೀಳತ್ತೆ. ಇವರದ್ದರಂಥ ವೈರ್‌ಲೆಸ್ ಮೌಸ್ ಮಾತಾಡೋದೂ ಅಲ್ಲೇ. 2012ರಲ್ಲೇ ಇಂಟೆಲ್‌ನೋರು ಇದನ್ನ ಅಳೆದು ಬರೆದು ಪ್ರಕಟಿಸಿದ್ರು. ಇಲ್ಲಿ ಮೌಸಿನ ಡಾಂಗಲ್ಲೂ, ಅಂದ್ರೆ ಮೌಸಿನ ಮಾತು ಕೇಳಿಸ್ಕೊಳ್ಳೋ ಆ ಪುಟ್ಟ ತುಂಡೂ, ಹಾರ್ಡ್ ಡಿಸ್ಕೂ ಅಕ್ಕಪಕ್ಕದ ತೂತಲ್ಲಿದ್ವು. ಡಾಂಗಲ್‌ಗೆ ಒಂದು ಎಕ್ಸ್‌ಟೆನ್ಷನ್ ವೈರ್ ಹಾಕಿ ಒಂದು ಮೊಳ ದೂರ ಇಟ್ಟೆ, ಅಷ್ಟೇ. ಫಾರ್ಮ್ಯಾಟ್ ಹೊಡುದ್ರೆ ಗಾಳೀಲಿರೋ ಗದ್ದಲ ಹೋಗತ್ತಾ ಹೇಳಿ?

ಇದು ಕಣ್ಣಿಗೆ ಕಾಣದ ತರ್ಲೆ. ಇನ್ನೊಂದು ಜಾತಿ ಇದೆ, ಎಲ್ರಿಗೂ ಗೊತ್ತಿದ್ದೂ ಯಾರೂ ತೆಗಿಯದೇ ಇರೋದು. ನಮ್ಮ ಅಜ್ಜನ ಮನೆ ಬಾಗ್ಲು ತಗ್ಗು, ಎಲ್ರೂ ತಲೆ ಬಗ್ಗಿಸೇ ಹೋಗ್ತಿದ್ವು. ಹೊಸ ಮನೆ ಕಟ್ಟಿ ಬಾಗ್ಲು ಎತ್ತರ ಇಟ್ರೂ ಅಜ್ಜ ಸಾಯೋ ತನ್ಕ ಬಗ್ಗೇ ಹೋದ್ರು. ಕಂಪ್ಯೂಟರ್ ಕಥೆನೂ ಇದೇ. ಮೊದಲ ಪಿಸಿಯ 8088 ಚಿಪ್ಪಿಗೆ 20 ಅಡ್ರೆಸ್ ಲೈನು, ಅಂದ್ರೆ ಮೆಮೊರೀಲಿ ಯಾವ ಜಾಗ ಅಂತ ಹೇಳೋ ತಂತಿ, 1 ಎಂಬಿ ಮೆಮೊರಿ ದಾಟಿದ್ರೆ ಸುತ್ತಿ ಮತ್ತೆ ಸೊನ್ನೆಗೆ ಬರ್ತಿತ್ತು. ಕೆಲವು ಪ್ರೋಗ್ರಾಂನೋರು ಅದನ್ನೇ ನಂಬ್ಕೊಂಡು ಬರೆದ್ರು. ಆಮೇಲಿನ 286 ಚಿಪ್ಪಿಗೆ 24 ಲೈನ್ ಬಂತು, ಸುತ್ತೋದು ನಿಂತ್ತು, ಹಳೇ ಪ್ರೋಗ್ರಾಂ ಮುಗ್ಗರಿಸ್ತು. 1984ರ ಪಿಸಿ ಎಟಿ ಮಾಡೋವಾಗ ಐಬಿಎಂನೋರು ಏನ್ ಮಾಡಿದ್ರು? ಬೇಕಾದಾಗ ಹಳೇ ತರನೇ ಸುತ್ತಲಿ ಅಂತ 21ನೇ ಲೈನಿಗೆ ಒಂದು ಗೇಟ್ ಇಟ್ಟು, ಅದರ ಚಿಲಕನ ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ ಕೈಗೆ ಕೊಟ್ರು! ಅಲ್ಲೊಂದು ಪಿನ್ ಖಾಲಿ ಇತ್ತು ಅಂತ. ಮೆಮೊರಿಗೂ ಕೀಬೋರ್ಡಿಗೂ ಎಂತಾ ಸಂಬಂಧ ಮಾರಾಯ್ರೇ, ಆದ್ರೂ ಎಷ್ಟೋ ವರ್ಷ ಅದು ಪಿಸಿ ಒಳಗೆ ಹಂಗೇ ಉಳ್ಕೊಂಡು ಬಂತು.

ಎಕ್ಸೆಲ್ ಇದ್ದೋರು ಮನೆಗೆ ಹೋಗಿ 1900ರ ಫೆಬ್ರವರಿ 29 ಅಂತ ಹೊಡ್ದು ನೋಡಿ. ಒಪ್ಕೊಳ್ಳತ್ತೆ. ಆ ದಿನ ಇರಲೇ ಇಲ್ಲ, 1900 ಅಧಿಕ ವರ್ಷ ಅಲ್ಲ. ಎಕ್ಸೆಲ್‌ಗಿಂತ ಮುಂಚಿನ ಲೆಕ್ಕದ ಪ್ರೋಗ್ರಾಂ ಲೋಟಸ್ 1-2-3ರಲ್ಲಿದ್ದ ತಪ್ಪು ಅದು, ಆ ಫೈಲುಗಳು ಇಲ್ಲೂ ಹೊಂದ್ಲಿ ಅಂತ ಎಕ್ಸೆಲ್‌ನೋರು ಬೇಕಂತ್ಲೇ ಇಟ್ಕೊಂಡ್ರು. ಈಗ ಸರಿ ಮಾಡಿದ್ರೆ ಜಗತ್ತಿನ ಲೆಕ್ಕದ ಪಟ್ಟಿಗಳಲ್ಲಿ ತಾರೀಖು ಒಂದು ದಿನ ಜರುಗತ್ತೆ, ಯಾರಿಗ್ ಬೇಕು. ವಿಂಡೋಸಲ್ಲಿ ಫೋಲ್ಡರಿಗೆ ಕಾನ್ (CON) ಅಂತ ಹೆಸ್ರಿಡಕ್ಕೆ ಆಗಲ್ಲ ಅಂತ ಬ್ರೌಸಿಂಗ್ ಸೆಂಟರ್ ಕಾಲದಲ್ಲಿ ಒಂದು ಮೇಲ್ ಓಡಾಡ್ತಿತ್ತು, ನೆನಪಿದ್ಯಾ, ಅದೇನೋ ನಿಗೂಢ ಅಂತ? ನಿಗೂಢ ಏನೂ ಇಲ್ಲ, ವಿಂಡೋಸಿಗಿಂತ ಮುಂಚಿನ ಡಾಸ್ ಕಾಲದಲ್ಲಿ ಕನ್ಸೋಲಿಗೆ, ಅಂದ್ರೆ ಕೀಬೋರ್ಡು-ಪರದೆಗೆ, ಮೀಸಲಿಟ್ಟ ಹೆಸ್ರು ಅದು. ಅಜ್ಜನ ಬಾಗ್ಲು.

ಹಾಂ, ಚೀಟಿ ಬಂತು, ಐದು ನಿಮಿಷ ಅಂತೆ. ಪೆಂಟಿಯಂ ಚಿಪ್ಪು ಭಾಗಾಕಾರ ತಪ್ಪಿದ್ದು, 1994ರದ್ದು, ಆ ಕಥೆ ಬಿಟ್ಬಿಡ್ತೀನಿ. ನುಡಿ, ಬರಹ, ಯೂನಿಕೋಡ್ ಅಂತ ಕಂಪ್ಯೂಟರಲ್ಲಿ ಕನ್ನಡ ಬರೆಯೋ ಕಥೆನೂ ಬರ್ಕೊಂಡಿದ್ದೆ, ಅದಕ್ಕೆ ಒಂದು ದಿನ ಬೇಕು.

ಒಂದೇ ಹೇಳಿ ಇಳೀತೀನಿ. ಮಳೆಗಾಲದಲ್ಲಿ ದಿನಗಟ್ಲೆ ಕರೆಂಟ್ ಇಲ್ದೇ ಬಿದ್ದಿರೋ ಹಳೇ ಸಿಸ್ಟಂ ಹಚ್ಚಿದಾಗ ಜಿಮೇಲ್, ಬ್ಯಾಂಕ್ ಎರಡೂ "ಸುರಕ್ಷಿತ ಅಲ್ಲ" ಅಂದ್ರೆ ವೈರಸ್ ಅಂತ ಓಡಿ ಬರ್ಬೇಡಿ. ಮೊದ್ಲು ಕೆಳಗಡೆ ಮೂಲೇಲಿ ತಾರೀಖು ನೋಡಿ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಸಿಆರ್ 2032, ಸತ್ರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗತ್ತೆ, ಸೈಟಿನ ಸರ್ಟಿಫಿಕೇಟ್, ಅಂದ್ರೆ ಅದು ಅಸಲಿ ಅಂತ ತೋರ್ಸೋ ತಾರೀಖು ಹಾಕಿದ ಗುರುತಿನ ಚೀಟಿ, ಆ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇರಲ್ಲ. ಬ್ಯಾಟರಿ ಬದಲಾಯ್ಸಿ ತಾರೀಖು ಹಾಕಿ. ಮುಂದಿನ ಸಾಲಲ್ಲಿ ಚೀಲದಲ್ಲಿ ಲ್ಯಾಪ್‌ಟಾಪ್ ತಂದಿರೋ ಅಕ್ಕ, ನೀವು ಕಾಫಿ ಹೊತ್ತಿಗೆ ಸಿಗಿ, ನೋಡೋಣ. ಅಲ್ಲೀ ತನ್ಕ ಯಾರ ಕೈಗೂ ಕೊಡ್ಬೇಡಿ.